ಮೊದಲ ಹಡಗು ಪ್ರವಾಸ, ಜೊತೆಗೆ ಥೀಮ್ ಪಾರ್ಕ್: ಅತ್ತೆ, ಮಕ್ಕಳ ಸಮೇತ ಹೇಗೆ ಪ್ಲ್ಯಾನ್ ಮಾಡೋದು?

ಜೇವರ್ಗಿ ರೋಡ್ ಅಕ್ಕ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಈ ಸಲ ದೊಡ್ಡ ಪ್ರವಾಸ ಮಾಡಬೇಕು ಅಂತ ಮನೆಯಲ್ಲಿ ಮಾತಾಗಿದೆ. ನಾವು ಐದು ಜನ. ನಾನು, ನಮ್ಮವರು, ಮಗಳಿಗೆ 9 ವರ್ಷ, ಮಗನಿಗೆ 5, ಅತ್ತೆಗೆ 68. ಮಕ್ಕಳಿಗೆ ಥೀಮ್ ಪಾರ್ಕ್ ಬೇಕು. ನನಗೆ ಹಡಗಿನಲ್ಲಿ ಹೋಗಬೇಕು ಅಂತ ಎಷ್ಟೋ ವರ್ಷದ ಆಸೆ. ಎರಡನ್ನೂ ಒಂದೇ ಪ್ರವಾಸದಲ್ಲಿ ಸೇರಿಸಬಹುದಾ?

ಅತ್ತೆ ಇದುವರೆಗೂ ಸಮುದ್ರ ನೋಡಿಲ್ಲ. ಅವರು ನೋಡಿದ ದೊಡ್ಡ ನೀರು ಅಂದರೆ ಗಾಣಗಾಪುರದ ಸಂಗಮ, ಅಪ್ಪನ ಕೆರೆ, ಒಮ್ಮೆ ಚಂದ್ರಂಪಳ್ಳಿ ಡ್ಯಾಮ್, ಅಷ್ಟೇ. ಅವರಿಗೆ ಮೊಣಕಾಲು ನೋವು. ಶುದ್ಧ ಸಸ್ಯಾಹಾರಿ. ದಿನಾ ಬೆಳಿಗ್ಗೆ ಲಿಂಗಪೂಜೆ ಆಗದೆ ಚಹಾ ಕೂಡ ಮುಟ್ಟುವುದಿಲ್ಲ. ಇವರನ್ನು ಬಿಟ್ಟು ಹೋಗುವ ಮಾತೇ ಇಲ್ಲ.

ಸಿಂಗಾಪುರಕ್ಕೆ ಹೋಗಬೇಕಾ, ಮುಂಬೈ ಸಾಕಾ? ಮೊದಲು ಹಡಗಾ, ಮೊದಲು ಪಾರ್ಕಾ? ಮಾಡಿ ಬಂದವರು ದಯವಿಟ್ಟು ಬಿಡಿಸಿ ಹೇಳಿ.

ಆಳಂದ ನಾಕಾ

ಅಕ್ಕ, ಸಿಂಗಾಪುರಕ್ಕೇ ಹೋಗಿ. ಒಮ್ಮೆ ಖರ್ಚು ಮಾಡುವುದು ಅಂದಮೇಲೆ ದೊಡ್ಡದಾಗಿಯೇ ಮಾಡಬೇಕು.

ಯಾದಗಿರಿ ಮೇಷ್ಟ್ರು

ನಾವು ಹೋಗಿ ಬಂದಿದ್ದೇವೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಹಡಗು, ಪಾರ್ಕ್ ಎರಡನ್ನೂ ಸೇರಿಸಲು ಸಿಂಗಾಪುರದಷ್ಟು ಅನುಕೂಲದ ಊರು ಸಿಗುವುದು ಕಷ್ಟ. ಯೂನಿವರ್ಸಲ್ ಸ್ಟುಡಿಯೋಸ್ ಅನ್ನುವ ಥೀಮ್ ಪಾರ್ಕ್ ಇರುವುದು ಸೆಂಟೋಸಾ ದ್ವೀಪದಲ್ಲಿ. ದೊಡ್ಡ ಹಡಗುಗಳು ಹೊರಡುವ ಮರೀನಾ ಬೇ ಕ್ರೂಸ್ ಸೆಂಟರ್‌ಗೆ ಅಲ್ಲಿಂದ ಟ್ಯಾಕ್ಸಿಯಲ್ಲಿ ಬೇಗ ಹೋಗಬಹುದು. ಒಂದೇ ಊರಿನಲ್ಲಿ ಎರಡೂ ಮುಗಿಯುತ್ತವೆ. ನಮ್ಮ ಕಡೆಯವರಿಗೆ ಹೈದರಾಬಾದ್ ವಿಮಾನ ನಿಲ್ದಾಣ ಹತ್ತಿರ. ಬೆಂಗಳೂರಿಗೆ ಹೋಗಿ ಸುತ್ತುವ ಅಗತ್ಯವೇ ಇಲ್ಲ.

ಆದರೆ ಕಾಗದಪತ್ರದ ಕೆಲಸ ಜಾಸ್ತಿ. ಐದೂ ಜನರಿಗೆ ಪಾಸ್‌ಪೋರ್ಟ್ ಬೇಕು. ಪ್ರವಾಸದ ದಿನಕ್ಕೆ ಅದರಲ್ಲಿ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು. ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೆ ಮಾತ್ರ ಕೊಡುತ್ತಾರೆ. ದೊಡ್ಡವರಿಗೆ 36 ಪುಟದ್ದಕ್ಕೆ 1500 ರೂಪಾಯಿ, ಮಕ್ಕಳಿಗೆ 1000. ಎಂಟು ವರ್ಷದೊಳಗಿನ ಮಕ್ಕಳಿಗೂ 60 ದಾಟಿದವರಿಗೂ ಹೊಸ ಅರ್ಜಿಯಲ್ಲಿ ನೂರಕ್ಕೆ 10ರಷ್ಟು ರಿಯಾಯಿತಿ ಇದೆ.

ನಾವು ಎಡವುವುದರಲ್ಲಿದ್ದ ಒಂದು ವಿಷಯ ಹೇಳುತ್ತೇನೆ. ಸಿಂಗಾಪುರದಿಂದ ಹಡಗು ಹತ್ತಿ ಮಲೇಷ್ಯಾದ ಪೆನಾಂಗ್ ನೋಡಿ ಮತ್ತೆ ಸಿಂಗಾಪುರಕ್ಕೇ ಬಂದರೆ, ನೀವು ಆ ದೇಶಕ್ಕೆ ಎರಡು ಸಲ ಕಾಲಿಟ್ಟ ಲೆಕ್ಕ. ವೀಸಾದ ಮೇಲೆ ಒಂದಕ್ಕಿಂತ ಹೆಚ್ಚು ಪ್ರವೇಶ ಅಂತ ಇದೆಯಾ ಅಂತ ಕಣ್ಣಾರೆ ನೋಡಿಕೊಳ್ಳಿ. ಹಡಗು ಯಾವ ಯಾವ ದೇಶದಲ್ಲಿ ನಿಲ್ಲುತ್ತದೋ ಆ ಎಲ್ಲ ದೇಶಗಳ ನಿಯಮವನ್ನೂ ನೋಡಬೇಕು. ನಾವು ಕೆಳಗೆ ಇಳಿಯುವುದೇ ಇಲ್ಲ ಅಂದರೂ ಕೇಳುತ್ತಾರೆ.

ಇನ್ನು ಮಕ್ಕಳ ಎತ್ತರ. ಪಾರ್ಕ್‌ನಲ್ಲಿ ಸವಾರಿ ಹತ್ತಿಸುವಾಗ ವಯಸ್ಸು ಕೇಳುವುದಿಲ್ಲ, ಕೋಲು ಹಿಡಿದು ಅಳೆಯುತ್ತಾರೆ. ಯೂನಿವರ್ಸಲ್‌ನಲ್ಲಿ ಟ್ರಾನ್ಸ್‌ಫಾರ್ಮರ್ಸ್ ಸವಾರಿಗೆ 102 ಸೆಂಟಿಮೀಟರ್, ಜುರಾಸಿಕ್ ಪಾರ್ಕ್ ನೀರಿನ ಸವಾರಿಗೆ 107, ಮಮ್ಮಿ ಅನ್ನುವ ರೋಲರ್ ಕೋಸ್ಟರ್‌ಗೆ 122. ಮನೆಯಲ್ಲೇ ಅಳೆದುಕೊಂಡು ಹೋಗಿ. ಅಲ್ಲಿ ಸಾಲಿನಲ್ಲಿ ಒಂದು ಗಂಟೆ ನಿಂತು, ಕೊನೆಗೆ ಮಗುವನ್ನು ವಾಪಸ್ ಕಳಿಸಿದರೆ ಅದರ ಮುಖ ನೋಡಲಾಗುವುದಿಲ್ಲ.

ಜೇವರ್ಗಿ ರೋಡ್ ಅಕ್ಕ (ಕಲಬುರಗಿ)

ಮೇಷ್ಟ್ರೇ, ತುಂಬಾ ಉಪಕಾರ ಆಯಿತು. ಓದಿದ ತಕ್ಷಣ ಇಬ್ಬರನ್ನೂ ಅಡುಗೆಮನೆ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, ತಲೆ ಮೇಲೆ ಪಟ್ಟಿ ಇಟ್ಟು ಪೆನ್ಸಿಲ್‌ನಿಂದ ಗೆರೆ ಎಳೆದೆ. ಮಗಳು 129. ಮಗ 104. ಅವನು ಹಿಮ್ಮಡಿ ಎತ್ತಿದ್ದ, ಕೆಳಗಿಡಿಸಿ ಮತ್ತೆ ಅಳೆದೆ. 107ಕ್ಕೆ ಇನ್ನೂ ಮೂರು ಬೇಕು ಅಂತ ಗೊತ್ತಾದಾಗಿನಿಂದ ದಿನಾ ಹಾಲು ಕುಡಿಯುತ್ತಿದ್ದಾನೆ.

ಪಾಸ್‌ಪೋರ್ಟ್ ನಮ್ಮಲ್ಲಿ ಯಾರಿಗೂ ಇಲ್ಲ. ಅತ್ತೆಯ ಆಧಾರ್‌ನಲ್ಲಿ ಹೆಸರು ಒಂದು ಥರ, ಮತದಾರರ ಚೀಟಿಯಲ್ಲಿ ಇನ್ನೊಂದು ಥರ ಇದೆ. ದಸರೆಯೊಳಗೆ ಇದೆಲ್ಲ ಆಗುತ್ತಾ ಅನ್ನುವುದೇ ನನ್ನ ಚಿಂತೆ.

ಸೇಡಂ ತೊಗರಿ ಹೊಲ

ಹಾಗಿದ್ದರೆ ಈ ವರ್ಷ ಮುಂಬೈ ಮಾಡಿ ಅಕ್ಕ. ಕಾರ್ಡೇಲಿಯಾ ಕಂಪನಿಯ ಹಡಗು ಮುಂಬೈಯಿಂದ ಗೋವಾಕ್ಕೆ ಹೋಗಿ ಬರುತ್ತದೆ. ಲಕ್ಷದ್ವೀಪದ್ದೂ ಇದೆ. ದೇಶದೊಳಗಿನ ಪ್ರಯಾಣ, ಪಾಸ್‌ಪೋರ್ಟ್ ಬೇಡ. ಸರ್ಕಾರಿ ಗುರುತಿನ ಚೀಟಿ ಸಾಕು. ಆದರೆ ಟಿಕೆಟ್‌ನಲ್ಲಿರುವ ಹೆಸರೂ ಚೀಟಿಯಲ್ಲಿರುವ ಹೆಸರೂ ಅಕ್ಷರ ಅಕ್ಷರ ಒಂದೇ ಇರಲಿ.

ಪಾರ್ಕ್‌ಗೆ ಖೋಪೋಲಿಯ ಇಮ್ಯಾಜಿಕಾ ಇದೆ. 2013ರಲ್ಲಿ ಶುರುವಾದದ್ದು. ಮುಂಬೈ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿ ಪಕ್ಕದಲ್ಲೇ ಬರುತ್ತದೆ. ಸವಾರಿಗಳದ್ದು, ನೀರಿನದ್ದು, ಹಿಮದ್ದು ಬೇರೆ ಬೇರೆ ಪಾರ್ಕ್, ಟಿಕೆಟೂ ಬೇರೆ. ಕಲಬುರಗಿ ಮುಂಬೈ ರೈಲು ಮಾರ್ಗದಲ್ಲೇ ಇರುವುದರಿಂದ ನಿಮಗೆ ವಿಮಾನದ ಉಸಾಬರಿಯೂ ಇಲ್ಲ. ರೈಲು ಟಿಕೆಟ್ ಈಗ 60 ದಿನ ಮುಂಚೆ ತೆರೆಯುತ್ತದೆ. ದಸರೆ ಗದ್ದಲ ಗೊತ್ತಲ್ಲ, ಆ ದಿನ ಬೆಳಿಗ್ಗೆ ಎಂಟಕ್ಕೇ ಕೂತು ಬುಕ್ ಮಾಡಿ.

ಬೀದರ್ ಹಡಗಿನವ

ನಾನು ಹನ್ನೊಂದು ವರ್ಷ ಪ್ರಯಾಣಿಕರ ಹಡಗುಗಳಲ್ಲಿ ಕೆಲಸ ಮಾಡಿದ್ದೇನೆ. ಮೊದಲು ಕ್ಯಾಬಿನ್ ಕೆಲಸ, ಆಮೇಲೆ ಅಡುಗೆ ವಿಭಾಗದ ಸ್ಟೋರ್. ಈಗ ಊರಿನಲ್ಲೇ ಇದ್ದೇನೆ. ಮೊದಲ ಸಲ ಬರುವ ಕುಟುಂಬಗಳು ಎಲ್ಲಿ ಒದ್ದಾಡುತ್ತವೆ ಅಂತ ನೋಡಿದ್ದೇನೆ, ಅದನ್ನೇ ಹೇಳುತ್ತೇನೆ.

ಅಕ್ಕ, ಎಲ್ಲಕ್ಕಿಂತ ಮುಖ್ಯ ಇದು: ಹಡಗು ನಿಮಗೋಸ್ಕರ ಕಾಯುವುದಿಲ್ಲ. ಹತ್ತುವ ಬಾಗಿಲು ಹೊರಡುವ ಹೊತ್ತಿಗಿಂತ ಬಹಳ ಮುಂಚೆಯೇ ಮುಚ್ಚುತ್ತದೆ. ನಿಮ್ಮ ರೈಲು ಸೊಲ್ಲಾಪುರದಲ್ಲಿ ಮೂರು ತಾಸು ನಿಂತರೆ ಅದು ಅವರ ತಲೆನೋವಲ್ಲ. ಆದ್ದರಿಂದ ಪಾರ್ಕ್ ಮೊದಲು, ಹಡಗು ಆಮೇಲೆ. ರೈಲು ತಡವಾದರೆ ಪಾರ್ಕ್‌ನಲ್ಲಿ ಅರ್ಧ ದಿನ ಹೋಗುತ್ತದೆ, ಹಡಗು ತಪ್ಪುವುದಿಲ್ಲ. ಹತ್ತುವ ಹಿಂದಿನ ರಾತ್ರಿ ಕಡ್ಡಾಯವಾಗಿ ಮುಂಬೈಯಲ್ಲೇ ಮಲಗಿ. ಆ ಒಂದು ರಾತ್ರಿಯ ಲಾಡ್ಜ್ ಖರ್ಚನ್ನು ಯಾವ ಕಾರಣಕ್ಕೂ ಉಳಿಸಬೇಡಿ.

ಕ್ಯಾಬಿನ್ ವಿಷಯ. ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಿ. ತಕ್ಕಡಿ ನೆನಪಿಸಿಕೊಳ್ಳಿ. ತಟ್ಟೆಗಳು ಮೇಲೆ ಕೆಳಗೆ ಆಡುತ್ತವೆ, ನಡುವಿನ ಮುಳ್ಳು ಅಷ್ಟು ಅಲುಗುವುದಿಲ್ಲ. ಹಡಗೂ ಹಾಗೇ. ಮುಂದಿನ ತುದಿಯ ಕ್ಯಾಬಿನ್‌ನಲ್ಲಿ ಓಲಾಟ ಜಾಸ್ತಿ. ದೊಡ್ಡ ಹಡಗುಗಳಿಗೆ ನೀರಿನೊಳಗೆ ಎರಡೂ ಬದಿ ಮೀನಿನ ರೆಕ್ಕೆಯಂಥ ಸಾಧನ ಇರುತ್ತದೆ, ಅದು ಪಕ್ಕಕ್ಕೆ ವಾಲುವುದನ್ನು ತಡೆಯುತ್ತದೆ. ಆದರೂ ಹೊಟ್ಟೆ ತೊಳಸಿದರೆ ಕ್ಯಾಬಿನ್ ಒಳಗೆ ಮಲಗಬೇಡಿ. ಮೇಲೆ ಬಂದು, ಗಾಳಿಗೆ ನಿಂತು, ದೂರದಲ್ಲಿ ನೀರೂ ಆಕಾಶವೂ ಸೇರುವ ಗೆರೆಯನ್ನು ನೋಡಿ. ಕಿವಿಯೊಳಗಿನ ಸಮತೋಲನ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ, ಅದಕ್ಕೇ ವಾಂತಿ ಬರುವುದು. ಕಣ್ಣಿಗೆ ಆ ಗೆರೆ ತೋರಿಸಿದರೆ ಜಗಳ ಅರ್ಧ ನಿಲ್ಲುತ್ತದೆ. ಅತ್ತೆಗೂ ಮಕ್ಕಳಿಗೂ ಮಾತ್ರೆಯನ್ನು ನಿಮ್ಮ ಡಾಕ್ಟರರನ್ನು ಕೇಳಿಯೇ ಕೊಡಿ.

ಅತ್ತೆಗೆ ಮೊಣಕಾಲು ನೋವು ಅಂದಿರಿ. ಹಾಗಾದರೆ ಲಕ್ಷದ್ವೀಪ ಬೇಡ. ಅಲ್ಲಿ ಹಡಗು ದೂರ ನಿಲ್ಲುತ್ತದೆ, ಸಣ್ಣ ದೋಣಿಗೆ ಇಳಿದು ದಡಕ್ಕೆ ಹೋಗಬೇಕು. ಅಲೆ ಬಂದಾಗ ದೋಣಿ ಏರಿಳಿಯುತ್ತದೆ, ಆ ಹೊತ್ತಿಗೆ ಸರಿಯಾಗಿ ಕಾಲಿಡಬೇಕು. ಗೋವಾದಲ್ಲಿ ಹಡಗು ಮುರಗಾಂವ್ ಬಂದರಿನ ಕಟ್ಟೆಗೇ ಬಂದು ನಿಲ್ಲುತ್ತದೆ. ಗಾಲಿಕುರ್ಚಿ ಬೇಕಿದ್ದರೆ ಬುಕ್ ಮಾಡುವಾಗಲೇ ಬರೆಸಿ.

ಚೀಲವನ್ನು ಬಂದರಿನಲ್ಲೇ ತೆಗೆದುಕೊಳ್ಳುತ್ತಾರೆ. ಅದು ನಿಮ್ಮ ಕ್ಯಾಬಿನ್‌ಗೆ ಬರುವುದು ಕೆಲವು ತಾಸು ಆದಮೇಲೆ. ಔಷಧಿ, ಗುರುತಿನ ಚೀಟಿ, ಮಕ್ಕಳ ಈಜುಬಟ್ಟೆ, ಅತ್ತೆಯ ಪೂಜೆಯ ಸಾಮಾನು ಕೈಚೀಲದಲ್ಲೇ ಇರಲಿ.

ಹತ್ತಿದ ಮೇಲೆ ಸುರಕ್ಷತೆಯ ತಾಲೀಮು ಇರುತ್ತದೆ. ಅಪಾಯ ಬಂದರೆ ಎಲ್ಲಿ ಸೇರಬೇಕು, ಜೀವರಕ್ಷಕ ಜಾಕೆಟ್ ಹೇಗೆ ಹಾಕಿಕೊಳ್ಳಬೇಕು ಅಂತ ತೋರಿಸುತ್ತಾರೆ. ದಯವಿಟ್ಟು ತಪ್ಪಿಸಬೇಡಿ. 2012ರ ಜನವರಿಯಲ್ಲಿ ಇಟಲಿಯ ದಡದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಸತ್ತರು. ಆ ದಿನ ಹತ್ತಿದ್ದ ಎಷ್ಟೋ ಜನರಿಗೆ ತಾಲೀಮು ಇನ್ನೂ ಆಗಿರಲಿಲ್ಲ. ಹೊರಡುವ ಮುಂಚೆ ಇಲ್ಲವೇ ಹೊರಟ ಕೂಡಲೇ ಮಾಡಿಸಬೇಕು ಅಂತ 2015ರಿಂದ ಅಂತರರಾಷ್ಟ್ರೀಯ ನಿಯಮವೇ ಬಂದಿದೆ. ನನ್ನ ಸಹೋದ್ಯೋಗಿಗಳು ಇದರ ಬಗ್ಗೆ ಮಾತಾಡುವಾಗ ದನಿ ತಗ್ಗಿಸುತ್ತಿದ್ದರು.

ಜೇವರ್ಗಿ ರೋಡ್ ಅಕ್ಕ (ಕಲಬುರಗಿ)

ಅಣ್ಣಾ, ಎಷ್ಟು ಚೆನ್ನಾಗಿ ತಿಳಿಸಿದಿರಿ. ನಮ್ಮವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಒಂದು ಪ್ರಶ್ನೆ. ಪೂಜೆಗೆ ದೀಪ, ಊದುಬತ್ತಿ ಹಚ್ಚಬಹುದಾ? ಅತ್ತೆ ಅದನ್ನೇ ಕೇಳುತ್ತಿದ್ದಾರೆ.

ಬೀದರ್ ಹಡಗಿನವ

ಇಲ್ಲ ಅಕ್ಕ. ಒಂದು ಕಡ್ಡಿ ಕೂಡ ಹಚ್ಚುವಂತಿಲ್ಲ. ಸಮುದ್ರದ ನಡುವೆ ಹಡಗಿನವರು ಎಲ್ಲಕ್ಕಿಂತ ಜಾಸ್ತಿ ಹೆದರುವುದು ಬೆಂಕಿಗೆ, ನೀರಿಗಲ್ಲ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಕೂಡ ತರಬೇಡಿ, ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ವಿಭೂತಿ, ನೀರು, ಪತ್ರಿ ಇದ್ದರೆ ಪೂಜೆ ಆಗುತ್ತದಲ್ವಾ? ಅವ್ವನವರಿಗೆ ನನ್ನ ಶರಣು ತಿಳಿಸಿ.

ಬ್ರಹ್ಮಪುರ ಮನೆಮಂದಿ

ಮನೆಯ ಬುತ್ತಿ ಒಯ್ಯಬಹುದಾ? ನಮ್ಮ ಅವ್ವನಿಗೆ ರೊಟ್ಟಿ ಇಲ್ಲದೆ ಊಟ ಇಳಿಯಲ್ಲ.

ಬೀದರ್ ಹಡಗಿನವ

ಮನೆಯಲ್ಲಿ ಮಾಡಿದ್ದನ್ನು ಹಡಗಿಗೆ ಬಿಡುವುದಿಲ್ಲ. ರೈಲಿನಲ್ಲೇ ಮುಗಿಸಿ. ಒಂದು ಅಡುಗೆ ಕೆಟ್ಟರೆ ಹಡಗಿನ ತುಂಬ ವಾಂತಿ ಭೇದಿ ಹರಡುತ್ತದೆ, ಅದಕ್ಕೇ ಅಷ್ಟು ಬಿಗಿ. ಊಟದ ಮನೆಗೆ ಹೋಗುವಾಗ ಪ್ರತಿ ಸಲ ಸಾಬೂನು ಹಚ್ಚಿ ಕೈ ತೊಳೆಸಿ, ಮಕ್ಕಳಿಗೆ ವಿಶೇಷವಾಗಿ.

ಸೂಪರ್ ಮಾರ್ಕೆಟ್ ಗೆಳೆಯ

ನನ್ನದು ಬೇರೆ ಅಭಿಪ್ರಾಯ. ಹಡಗು ಮೊದಲು ಮಾಡಿ. ಪಾರ್ಕ್‌ನಲ್ಲಿ ಕುಣಿದು ಬಂದ ಮಕ್ಕಳಿಗೆ ಹಡಗು ಸಪ್ಪೆ ಅನಿಸಬಹುದು. ಕೊನೆಯಲ್ಲಿ ಪಾರ್ಕ್ ಇದ್ದರೆ ಖುಷಿಯಲ್ಲಿ ಊರಿಗೆ ಬರುತ್ತಾರೆ.

ಯಾದಗಿರಿ ಮೇಷ್ಟ್ರು

ಗೆಳೆಯರೇ, ಮಕ್ಕಳ ಮಟ್ಟಿಗೆ ನಿಮ್ಮ ಮಾತು ಸರಿ ಇರಬಹುದು. ನಮ್ಮ ಮಗನೂ ಹಾಗೇ ಅಂದಿದ್ದ. ಆದರೆ ಪಾರ್ಕ್‌ನಲ್ಲಿ ದಿನಕ್ಕೆ ಎಂಟು ತಾಸು ನಡೆದ ಮೇಲೆ ದೊಡ್ಡವರ ಕಾಲು ಏನಾಗುತ್ತದೆ? ಹಡಗಿನಲ್ಲಿ ಚೀಲ ಬಿಚ್ಚುವುದು ಒಂದೇ ಸಲ. ಊಟ ಸಿದ್ಧ, ಹಾಸಿಗೆ ಸಿದ್ಧ. ದಣಿದವರು ಆಮೇಲೆ ಅಲ್ಲಿಗೆ ಹೋದರೆ ಒಳ್ಳೆಯದು. ಮತ್ತೆ ರೈಲು ತಡವಾಗುವ ಮಾತು ಇದ್ದೇ ಇದೆ. ನಾನು ಬೀದರ್ ಅಣ್ಣನ ಕಡೆ.

ಆಳಂದ ನಾಕಾ

ನಾನೂ ಈಗ ಮುಂಬೈ ಕಡೆ. ಮೊದಲ ಸಲಕ್ಕೆ ಮೂರು ರಾತ್ರಿ ಸಾಕು. ಎಲ್ಲರಿಗೂ ಸಮುದ್ರ ಒಗ್ಗುತ್ತದಾ ಅಂತ ಗೊತ್ತಾಗುತ್ತದೆ.

ಜೇವರ್ಗಿ ರೋಡ್ ಅಕ್ಕ (ಕಲಬುರಗಿ)

ಬುಕಿಂಗ್ ಆಯಿತು! ಮುಂಬೈ-ಗೋವಾ-ಮುಂಬೈ, ಮೂರು ರಾತ್ರಿ, ವಿಜಯದಶಮಿ ಆದಮೇಲೆ. ಅದಕ್ಕೆ ಮುಂಚೆ ಖೋಪೋಲಿಯಲ್ಲಿ ಒಂದೂವರೆ ದಿನ.

ಒಂದು ಬೇಸರದ ವಿಷಯ ಹೇಳಲೇಬೇಕು, ಬೇರೆಯವರಿಗೆ ಉಪಯೋಗ ಆಗಲಿ ಅಂತ. ಮೊದಲು ಒಬ್ಬ ಏಜೆಂಟ್ ಹತ್ತಿರ ಹೋಗಿದ್ದೆವು. ಅವರು ಹೇಳಿದ ರೇಟು ಕೇಳಿ ಖುಷಿಯಾಗಿ ಮುಂಗಡ ಕೊಡುವುದರಲ್ಲಿದ್ದೆವು. ನಮ್ಮವರು ಒಂದೊಂದೇ ಸಾಲು ಕೇಳಿದಾಗ ಬಂದರು ಶುಲ್ಕ ಬೇರೆ, ಜಿಎಸ್‌ಟಿ ಬೇರೆ, ಹಡಗಿನ ಸಿಬ್ಬಂದಿಗೆ ಕೊಡುವ ಸೇವಾ ಶುಲ್ಕ ಬೇರೆ ಅಂತ ಹೊರಬಿತ್ತು. ಕ್ಯಾಬಿನ್ ಎಲ್ಲಿ ಅಂತಲೂ ಬರೆದಿರಲಿಲ್ಲ, ಸಿಕ್ಕಿದ್ದು ಸಿಕ್ಕ ಹಾಗೆ ಅಂತ ಇತ್ತು. ನನಗೆ ನಿಜವಾಗಿಯೂ ಸಿಟ್ಟು ಬಂತು. ವರ್ಷವಿಡೀ ಕೂಡಿಟ್ಟ ದುಡ್ಡು ಅದು. ಎದ್ದು ಬಂದು ನಾವೇ ಬುಕ್ ಮಾಡಿದೆವು. ಎಲ್ಲ ಸೇರಿ ಒಟ್ಟು ಎಷ್ಟು, ಕ್ಯಾಬಿನ್ ನಂಬರ್ ಏನು, ರದ್ದು ಮಾಡಿದರೆ ಎಷ್ಟು ವಾಪಸ್ ಬರುತ್ತದೆ: ಈ ಮೂರನ್ನು ಬರಹದಲ್ಲಿ ಕೊಡದಿದ್ದರೆ ದುಡ್ಡು ಕೊಡಬೇಡಿ.

ಎರಡು ಕ್ಯಾಬಿನ್ ತೆಗೆದುಕೊಂಡೆವು, ಎದುರು ಬದುರು. ಒಂದರಲ್ಲಿ ಅತ್ತೆ ಮತ್ತು ಮಗಳು. ಇನ್ನೊಂದರಲ್ಲಿ ನಾವಿಬ್ಬರು ಮತ್ತು ಮಗ, ಅವನಿಗೆ ಗೋಡೆಯಿಂದ ಇಳಿಸುವ ಮೇಲಿನ ಹಾಸಿಗೆ.

ಸೇಡಂ ತೊಗರಿ ಹೊಲ

ಶುಭವಾಗಲಿ ಅಕ್ಕ. ಬಂದಮೇಲೆ ಬರೆಯಲು ಮರೀಬೇಡಿ. ಹಡಗು ದಡ ಬಿಟ್ಟ ತಕ್ಷಣ ಎಲ್ಲರ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಅದು ಹಡಗಿನ ನೆಟ್‌ವರ್ಕ್ ಹಿಡಿದು ಬಿಲ್ ಏರಿಸುತ್ತದೆ.

ಜೇವರ್ಗಿ ರೋಡ್ ಅಕ್ಕ (ಕಲಬುರಗಿ)

ಹೋಗಿ ಬಂದೆವು. ಮೂರು ದಿನದಿಂದ ಬಟ್ಟೆ ಒಗೆಯುವುದೇ ಆಗಿದೆ, ಇವತ್ತು ಕೂತೆ.

ಬೆಳಿಗ್ಗೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದೆವು. ಅತ್ತೆ ಬಿಳಿ ಬಟ್ಟೆಯಲ್ಲಿ ಖಡಕ್ ರೊಟ್ಟಿ ಕಟ್ಟಿದ್ದರು, ಜೊತೆಗೆ ಶೇಂಗಾ ಹಿಂಡಿ, ಗಟ್ಟಿ ಮೊಸರು. ರೈಲು ಎರಡು ತಾಸು ತಡ. ಬೀದರ್ ಅಣ್ಣಾ, ಆಗ ನಿಮ್ಮ ಮಾತು ನೆನಪಾಯಿತು. ಅದೇ ದಿನ ಹಡಗು ಇದ್ದಿದ್ದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಪುಣೆಯಲ್ಲಿ ಇಳಿದು, ಕಾರು ಮಾಡಿಕೊಂಡು ಘಾಟ್ ಇಳಿದು ಖೋಪೋಲಿ ಸೇರಿದೆವು.

ಇಮ್ಯಾಜಿಕಾದಲ್ಲಿ ಮಗನನ್ನು ಎರಡು ಸವಾರಿಯಿಂದ ವಾಪಸ್ ಕಳಿಸಿದರು. ಮೊದಲೇ ಹೇಳಿಟ್ಟಿದ್ದೆವು, ಅಳಲಿಲ್ಲ. ಅತ್ತೆ ಬರೀ ನೆರಳಲ್ಲಿ ಕೂರುತ್ತಾರೆ ಅಂದುಕೊಂಡಿದ್ದೆ. ಐ ಫಾರ್ ಇಂಡಿಯಾ ಅಂತ ಒಂದಿದೆ, ಕುರ್ಚಿಯಲ್ಲಿ ಕೂರಿಸಿ ದೊಡ್ಡ ಪರದೆ ಎದುರು ದೇಶದ ಮೇಲೆಲ್ಲ ಹಾರಿಸಿದಂತೆ ಮಾಡುತ್ತಾರೆ. ಅದಕ್ಕೆ ಅವರೂ ಬಂದರು. ಹಿಮಾಲಯ ಬಂದಾಗ ಕೈ ಮುಗಿದರು. ಹೊರಗೆ ಬಂದು, ಇನ್ನೊಮ್ಮೆ ಹೋಗೋಣ ಅಂದರು. ಮಧ್ಯಾಹ್ನದ ಬಿಸಿಲಲ್ಲಿ ಸಾಲು ಜಾಸ್ತಿ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ದೊಡ್ಡ ಸವಾರಿಗಳನ್ನು ಮೊದಲು ಮುಗಿಸಿ. ನಾವು ಆಮೇಲಿನ ಅರ್ಧ ದಿನವನ್ನು ಹೋಟೆಲ್‌ನಲ್ಲಿ ಮಲಗಿಯೇ ಕಳೆದೆವು, ಅದೂ ಬೇಕಿತ್ತು.

ಮುಂಬೈಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಹತ್ತಿರ ಒಂದು ರಾತ್ರಿ ಉಳಿದೆವು. ಅಲ್ಲಿಂದ ಹಡಗು ಕಟ್ಟೆಗೆ ಟ್ಯಾಕ್ಸಿಯಲ್ಲಿ ಸ್ವಲ್ಪ ದೂರ. ನಾವು ಹತ್ತಿದ್ದು ಕಾರ್ಡೇಲಿಯಾದವರ ಎಂಪ್ರೆಸ್, 1990ರ ಹಡಗು. ಹಳೆಯದು ಅಂತ ಕೆಲವರು ಮೂಗು ಮುರಿದರು. ನಮಗೆ ಎಲ್ಲೂ ಕೊರತೆ ಅನಿಸಲಿಲ್ಲ. ಕ್ಯಾಬಿನ್ ಸಣ್ಣದು, ಅದನ್ನು ಮೊದಲೇ ತಿಳಿದಿರಬೇಕು. ಎರಡು ಚೀಲ ಮಂಚದ ಕೆಳಗೆ ಹೋಗುತ್ತವೆ, ಮೂರನೆಯದಕ್ಕೆ ಜಾಗ ಹುಡುಕಬೇಕು.

ಸಂಜೆ ಹಡಗು ಬಿಟ್ಟಿತು. ಅತ್ತೆಯನ್ನು ಲಿಫ್ಟ್‌ನಲ್ಲಿ ಮೇಲೆ ಕರೆದುಕೊಂಡು ಹೋದೆವು. ಅವರು ಕಟಕಟೆ ಹಿಡಿದು ನಿಂತರು. ಸೆರಗು ಗಾಳಿಗೆ ಹಾರುತ್ತಿತ್ತು, ಒಂದು ಕೈಯಲ್ಲಿ ಅದನ್ನು ಒತ್ತಿ ಹಿಡಿದಿದ್ದರು. ತುಂಬಾ ಹೊತ್ತು ಮಾತೇ ಆಡಲಿಲ್ಲ. ಸೂರ್ಯ ನೀರಿಗೆ ಮುಟ್ಟಿದಾಗ ತುಟಿ ಸವರಿಕೊಂಡು, "ಗಾಳಿನೂ ಉಪ್ಪು ಐತಲ್ಲವ್ವಾ" ಅಂದರು. ಆಮೇಲೆ ನಮ್ಮ ಮಾವನವರ ಹೆಸರು ಹೇಳಿ, ಅವರು ಇರಬೇಕಿತ್ತು ಅಂದರು. ಮಗಳು ಅವರ ಸೊಂಟ ಹಿಡಿದುಕೊಂಡು ನಿಂತಿದ್ದಳು. ನಾನು ಫೋಟೋ ತೆಗೆಯಲು ಹೋಗಲಿಲ್ಲ.

ಮಾರನೇ ಬೆಳಿಗ್ಗೆ ಕ್ಯಾಬಿನ್‌ನ ಪುಟ್ಟ ಮೇಜಿನ ಮೇಲೆ ಪೂಜೆ ಆಯಿತು. ದೀಪ ಇಲ್ಲ, ಊದುಬತ್ತಿ ಇಲ್ಲ, ವಿಭೂತಿ ಮತ್ತು ನೀರು. ಹಡಗು ಸಣ್ಣಗೆ ವಾಲಿದಾಗ ತಂಬಿಗೆಯ ನೀರು ಒಂದು ಬದಿಗೆ ಹೋಗಿ ಮತ್ತೆ ಬರುತ್ತಿತ್ತು. ಊರಿಂದ ಒಯ್ದಿದ್ದ ನಾಲ್ಕು ಬನ್ನಿ ಎಲೆ ಕೈಚೀಲದಲ್ಲಿ ಉಳಿದಿದ್ದವು. ಕ್ಯಾಬಿನ್ ಸ್ವಚ್ಛ ಮಾಡಲು ಬಂದ ಹುಡುಗನ ಕೈಗೆ ಅತ್ತೆ ಒಂದು ಇಟ್ಟು, ಬಂಗಾರದಂಗ ಇರಪ್ಪಾ ಅಂದರು. ಅವನಿಗೆ ಕನ್ನಡ ಬರುವುದಿಲ್ಲ. ಆದರೂ ಬಗ್ಗಿ ನಮಸ್ಕಾರ ಮಾಡಿದ.

ಊಟದಲ್ಲಿ ಸಸ್ಯಾಹಾರ ಧಾರಾಳ ಇತ್ತು, ಜೈನ ಅಡುಗೆಯೂ ಇತ್ತು. ಜೋಳದ ರೊಟ್ಟಿ ಸಿಗಲಿಲ್ಲ. ಎರಡನೇ ರಾತ್ರಿ ಮಗನಿಗೆ ಹೊಟ್ಟೆ ತೊಳಸಿತು. ಮೇಲೆ ಕರೆದುಕೊಂಡು ಹೋಗಿ ದೂರದ ದೋಣಿಯ ದೀಪಗಳನ್ನು ಎಣಿಸಲು ಹೇಳಿದೆ. ಏಳು ಎಣಿಸುವಷ್ಟರಲ್ಲಿ ನನ್ನ ಭುಜದ ಮೇಲೆ ನಿದ್ದೆ ಹೋದ.

ಬೀದರ್ ಹಡಗಿನವ

ಅಕ್ಕ, ಓದುತ್ತಾ ಕಣ್ಣು ತುಂಬಿ ಬಂತು. ಎಷ್ಟೋ ವರ್ಷ ಆ ಕ್ಯಾಬಿನ್‌ಗಳನ್ನು ನಾನೇ ಸ್ವಚ್ಛ ಮಾಡಿದ್ದೇನೆ. ದಸರೆಗೆ ನನಗೆ ಯಾರೂ ಬನ್ನಿ ಕೊಟ್ಟಿರಲಿಲ್ಲ.

ಜೇವರ್ಗಿ ರೋಡ್ ಅಕ್ಕ (ಕಲಬುರಗಿ)

ಅಣ್ಣಾ, ಕಲಬುರಗಿಗೆ ಬಂದಾಗ ಮನೆಗೆ ಬನ್ನಿ. ಅತ್ತೆ ಹೇಳಿಕಳಿಸಿದ್ದಾರೆ, ಒಂದು ಎಲೆ ನಿಮಗೆ ಅಂತ ದೇವರ ಜಗುಲಿ ಮೇಲೆ ಎತ್ತಿಟ್ಟಿದ್ದಾರೆ.

ಬ್ರಹ್ಮಪುರ ಮನೆಮಂದಿ

ಅಕ್ಕ, ಇಳಿಯುವ ದಿನದ ಬಗ್ಗೆ ಹೇಳಿ. ನಾವು ಡಿಸೆಂಬರ್‌ಗೆ ನೋಡುತ್ತಿದ್ದೇವೆ.

ಜೇವರ್ಗಿ ರೋಡ್ ಅಕ್ಕ (ಕಲಬುರಗಿ)

ಹಿಂದಿನ ರಾತ್ರಿಯೇ ದೊಡ್ಡ ಚೀಲಗಳನ್ನು ಬಾಗಿಲ ಹೊರಗೆ ಇಡಬೇಕು. ಬೆಳಿಗ್ಗೆ ಹಾಕುವ ಬಟ್ಟೆ, ಚಪ್ಪಲಿ ಒಳಗೇ ಇಟ್ಟುಕೊಳ್ಳಿ. ನಮ್ಮ ಪಕ್ಕದ ಕ್ಯಾಬಿನ್‌ನವರು ಎಲ್ಲ ಹೊರಗಿಟ್ಟು ಪೇಚಾಡಿದರು. ಹಡಗಿನಲ್ಲಿ ಖರ್ಚೆಲ್ಲ ಕಾರ್ಡಿನ ಮೇಲೆ ಬೀಳುತ್ತದೆ. ಕೊನೇ ಸಂಜೆ ಲೆಕ್ಕದ ಚೀಟಿ ತೆಗೆಸಿ ನೋಡಿ, ತಪ್ಪಿದ್ದರೆ ಅಲ್ಲೇ ಕೇಳಬಹುದು. ಊರಿಗೆ ರೈಲನ್ನು ಅದೇ ರಾತ್ರಿಗೆ ಹಾಕಿ, ಬೆಳಿಗ್ಗೆಯದು ಬೇಡ. ಇಳಿಯುವುದು ತಡವಾಗಬಹುದು.

ಮತ್ತೆ ಮೇಷ್ಟ್ರೇ, ಪಾಸ್‌ಪೋರ್ಟ್ ಅರ್ಜಿ ಹಾಕಿದ್ದೇವೆ. ಅತ್ತೆಯ ಹೆಸರು ಆಧಾರ್‌ನಲ್ಲಿ ಸರಿಯಾಯಿತು. ನಿನ್ನೆ ಮಗ ಮತ್ತೆ ಚೌಕಟ್ಟಿಗೆ ನಿಂತಿದ್ದ. 105.